ಹಣಮಂತ್ರಾಯ ಸುರಪುರವನ್ನು ಇಳಿಸಿದ್ದು

ಹಣಮಂತ್ರಾಯನಿಗೆ ಕಂಪ್ಯೂಟರನ್ನು ಚಾಲೂ ಮಾಡಲು ಬರುತ್ತಿತ್ತು, ಬಂದ್ ಮಾಡಲು ಬರುತ್ತಿರಲಿಲ್ಲ.

ಶಹಾಪುರದಲ್ಲಿ ಕುರಿ ಸಾಕುವವರ ಸಂಘವೊಂದರಲ್ಲಿ ಅವನು ಹದಿನೆಂಟು ವರ್ಷದಿಂದ ಗುಮಾಸ್ತ. ಸಂಘಕ್ಕೆ ಕಂಪ್ಯೂಟರ್ ಬಂದಾಗ ಅವನನ್ನು ಯಾದಗಿರಿಗೆ ಒಂದು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಮುಂಜಾನೆ ಚಾಲೂ ಮಾಡುವುದನ್ನು ಹೇಳಿಕೊಟ್ಟರು, ಮಧ್ಯಾಹ್ನ ಬಂದ್ ಮಾಡುವುದನ್ನು. ನಡುವೆ ಊಟಕ್ಕೆ ಹೋಳಿಗೆ ಇತ್ತು. ಹೀಗಾಗಿ ಎರಡನೆಯ ಪಾಠವನ್ನು ಹಣಮಂತ್ರಾಯ ಕಣ್ಣು ಮುಚ್ಚಿಕೊಂಡು ಕೇಳಿದ. ಆದರೂ ಮರುದಿನವೇ ತನ್ನ ಮೇಜಿನ ಮೇಲೆ 'ಕಂಪ್ಯೂಟರ್ ಮುಖ್ಯಸ್ಥರು' ಎಂದು ಬರೆಸಿದ ಹಲಗೆ ಇಟ್ಟ. ಕಚೇರಿಯಲ್ಲಿ ಕಂಪ್ಯೂಟರ್ ಇದ್ದದ್ದು ಒಂದೇ, ನೌಕರ ಇದ್ದದ್ದೂ ಒಬ್ಬನೇ ಆದ್ದರಿಂದ ಈ ಪದವಿಗೆ ಯಾರೂ ತಕರಾರು ಮಾಡಲಿಲ್ಲ.

ಸಂಜೆ ಐದೂವರೆಗೆ ಗೋಡೆಯ ಮೇಲಿನ ಬಟನ್ ಆರಿಸಿ ಮನೆಗೆ ಹೋಗುವುದು ಅವನ ಪದ್ಧತಿ. ದೀಪ, ಫ್ಯಾನು, ಕಂಪ್ಯೂಟರು, ಮೂರಕ್ಕೂ ಒಂದೇ ನ್ಯಾಯ. ಎರಡು ತಿಂಗಳು ಇದು ಸುಸೂತ್ರವಾಗಿ ನಡೆಯಿತು. ಮೂರನೆಯ ತಿಂಗಳು, ಲಸಿಕೆ ಹಾಕಿಸಿಕೊಂಡ ಕುರಿಗಳ ಪಟ್ಟಿಯಿಂದ ಇನ್ನೂರ ಹದಿನಾಲ್ಕು ಕುರಿಗಳು ಮಾಯವಾದವು. ಕುರಿಗಳು ಹಟ್ಟಿಯಲ್ಲೇ ಇದ್ದವು, ಅವುಗಳ ಕಿವಿಯ ಬಿಲ್ಲೆಯ ನಂಬರುಗಳು ಮಾತ್ರ ಕಂಪ್ಯೂಟರಿನಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಕುರಿಗೆ ಲಸಿಕೆ ಆಗಿಲ್ಲ ಎಂದೇ ಅರ್ಥ. ಇನ್ನೂರ ಹದಿನಾಲ್ಕಕ್ಕೂ ಎರಡನೆಯ ಸಲ ಸೂಜಿ ಚುಚ್ಚಿದರು. ಕುರಿಗಳು ಇದನ್ನು ಸಮಾಧಾನದಿಂದ ತೆಗೆದುಕೊಂಡವು. ಅವುಗಳ ಒಡೆಯ ತೆಗೆದುಕೊಳ್ಳಲಿಲ್ಲ. ಅವನು ಹಣಮಂತ್ರಾಯನ ಮನೆ ಮುಂದೆ ನಿಂತು ಮಾತಾಡಿದ್ದು ಮೂರು ಓಣಿಗೆ ಕೇಳಿಸಿತು. ಇದು ವೈರಸ್ಸಿನ ಕೆಲಸ ಎಂದು ಹಣಮಂತ್ರಾಯ ಹೇಳಿದ. ವೈರಸ್ ಬಂದದ್ದು ಕುರಿಗೋ, ಕಂಪ್ಯೂಟರಿಗೋ, ನಿನಗೋ ಎಂದು ಒಡೆಯ ಕೇಳಿದ.

ಮರುದಿನ ಹಣಮಂತ್ರಾಯ ಯಾರಿಗೂ ಕಾಣದಂತೆ ಫಿರೋಜನ ಅಂಗಡಿಗೆ ಹೋದ. ಫಿರೋಜ್ ಬಸ್ ನಿಲ್ದಾಣದ ಹತ್ತಿರ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವವನು. ಸಂಘದ ಕಂಪ್ಯೂಟರನ್ನು ಜೋಡಿಸಿಕೊಟ್ಟವನೂ ಅವನೇ. ಎಲ್ಲವನ್ನೂ ಕೇಳಿಸಿಕೊಂಡು, ಕೈಯಲ್ಲಿದ್ದ ಮೊಬೈಲಿನ ಹೊಟ್ಟೆ ಮುಚ್ಚಿ, ನಿಧಾನವಾಗಿ ತಿಳಿಸಿ ಹೇಳಿದ.

"ಅಣ್ಣಾರ, ನಿಮ್ಮ ಪಟ್ಟಿ ಇರೂದು ಸುರಪುರದಾಗ, ಡಾಕ್ಟರ್ ಮೇಡಂ ಕಂಪ್ಯೂಟರಿನ್ಯಾಗ. ಅದನ್ನ ನಿಮ್ಮ ಕಂಪ್ಯೂಟರಿನ ಮ್ಯಾಲ ಏರಿಸಿಟ್ಟೀನಿ, ಅದಕ್ಕ ಇಲ್ಲೇ ಇದ್ದಂಗ ಕಾಣ್ತದ. ನಡುವ ಒಂದು ಪ್ರೋಗ್ರಾಂ ಹಮಾಲನಂಗ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಹೊತ್ತು ಹಾಕ್ತದ. ಕಂಪ್ಯೂಟರ್ ಬಂದ್ ಆಗೂ ಮುಂದ ಎಲ್ಲಾ ಪ್ರೋಗ್ರಾಂನೂ ಮನಿಗೆ ಕಳಸ್ತದ. ಹಮಾಲನೂ ಹೋಗ್ತಾನ. ಗ್ವಾಡಿ ಬಟನ್ ಆರಿಸಿದ್ರಂತೂ ನಿಂತಲ್ಲೇ ಬೀಳ್ತಾನ. ಚೀಲ ದಾರ್ಯಾಗ ಉಳೀತಾವ."

ಹಾಗಾದರೆ ಏನು ಮಾಡಬೇಕು ಎಂದು ಹಣಮಂತ್ರಾಯ ಕೇಳಿದ. ಮೊದಲು ಸುರಪುರವನ್ನು ಇಳಿಸಬೇಕು ಎಂದ ಫಿರೋಜ್. ಇಳಿಸು ಎಂದರೆ ಹಮಾಲ ಕೊನೆಯ ಚೀಲವನ್ನೂ ಮುಟ್ಟಿಸಿಯೇ ಹೋಗುತ್ತಾನೆ. ಅದಾದ ಮೇಲೆ ಕಂಪ್ಯೂಟರ್ ಬಂದ್. ಗೋಡೆಯ ಬಟನ್ನಿಗೆ ಎಲ್ಲಕ್ಕಿಂತ ಕಡೆಯ ಪಾಳಿ. ಮರುದಿನ ಮುಂಜಾನೆ ಸುರಪುರವನ್ನು ಮತ್ತೆ ಏರಿಸಿಕೊಳ್ಳಬೇಕು.

ಹಣಮಂತ್ರಾಯ ಇದನ್ನು ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡು, ಇನ್ನು ಮೇಲೆ ಇಳಿಸದೆ ಏಳುವುದಿಲ್ಲ ಎಂದು ತನಗೆ ತಾನೇ ಆಣೆ ಮಾಡಿಕೊಂಡ. ಒಂದು ತಿಂಗಳು ಹಾಗೆಯೇ ನಡೆದುಕೊಂಡ. ಆಮೇಲೆ ಆ ಗುರುವಾರ ಬಂತು.

ಗುರುವಾರ ಅವನ ಮುಂದೆ ದೇವಾಪುರದ ಲಸಿಕೆ ಶಿಬಿರದ ಕಾಗದಗಳಿದ್ದವು. ಒಂದು ಸಾವಿರದ ನೂರಾ ನಲವತ್ತಾರು ಕುರಿಗಳು. ಈ ಪಟ್ಟಿ ಸುರಪುರದ ಪಶುವೈದ್ಯೆ ಡಾಕ್ಟರ್ ಉಮಾಶ್ರೀಗೆ ಮುಟ್ಟಿ, ಅವರು ಮಧ್ಯಾಹ್ನ ಮೂರು ಗಂಟೆಯೊಳಗೆ ಯಾದಗಿರಿಗೆ ಕಳಿಸಬೇಕು. ಕಳಿಸಿದರೆ ಮಾತ್ರ ದೇವಾಪುರಕ್ಕೆ ಎರಡನೆಯ ಡೋಸು. ತಪ್ಪಿದರೆ ಇಲ್ಲ, ಯಾಕೆಂದರೆ ಸೋಮವಾರ ಆ ಹಿಂಡುಗಳು ಮೇವಿಗಾಗಿ ಕೃಷ್ಣೆ ದಾಟಿ ಹೋಗುತ್ತಿದ್ದವು. ಹೋದ ವರ್ಷ ಹೀಗೆ ಅರೆಬರೆ ಲಸಿಕೆಯಲ್ಲಿ ಹೋದ ಹಿಂಡುಗಳಲ್ಲಿ ಅರ್ಧ ಕುರಿಗಳು ತಿರುಗಿ ಬಂದಿರಲಿಲ್ಲ. ಇದರ ಜೊತೆಗೆ, ಲೈನ್ ಕೆಲಸಕ್ಕಾಗಿ ಎರಡು ಗಂಟೆಗೆ ಕರೆಂಟ್ ತೆಗೆಯುತ್ತೇವೆ ಎಂದು ಮುಂಜಾನೆಯೇ ಮೈಕಿನಲ್ಲಿ ಸಾರಿಕೊಂಡು ಹೋಗಿದ್ದರು.

ಹತ್ತಕ್ಕೆ ಕೂತವನು ಒಂದಕ್ಕೆ ಕೊನೆಯ ಕುರಿಯನ್ನು ಬರೆದು ಮುಗಿಸಿದ. ಹಿಂದಿನ ಪಡಸಾಲೆಯಲ್ಲಿ ಕೂತು ರೊಟ್ಟಿ ತಿಂದು, ಕೈ ತೊಳೆದು ಬಂದು, ಒಂದೂ ಇಪ್ಪತ್ತಕ್ಕೆ ಸುರಪುರವನ್ನು ಇಳಿಸು ಎಂದು ಕಂಪ್ಯೂಟರಿಗೆ ಹೇಳಿದ. ಆಗುವುದಿಲ್ಲ, ಬಳಕೆಯಲ್ಲಿದೆ ಎಂದು ಕಂಪ್ಯೂಟರ್ ಹೇಳಿತು. ಇನ್ನೊಮ್ಮೆ ಹೇಳಿದ. ಅದೂ ಇನ್ನೊಮ್ಮೆ ಹೇಳಿತು. ಡಾಕ್ಟರಿಗೆ ಫೋನ್ ಮಾಡಿದರೆ, ತಮಗೆ ಮುಟ್ಟಿದ್ದು ಏಳುನೂರಾ ಹನ್ನೆರಡು ಕುರಿ ಮಾತ್ರ, ಉಳಿದವು ಎಲ್ಲಿ ಎಂದು ಅವರೇ ಕೇಳಿದರು. ಉಳಿದವು ದಾರಿಯಲ್ಲಿವೆ ಎಂದು ಹಣಮಂತ್ರಾಯ ಹೇಳಿದ. ಅದು ನಿಜವೂ ಆಗಿತ್ತು.

ಫಿರೋಜ್ ಆ ಹೊತ್ತಿಗೆ ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಕ್ಯಾಮೆರಾ ಕೂಡಿಸುತ್ತಿದ್ದ. ಅವನ ಹಿಂದೆ ಯಂತ್ರಗಳ ಸದ್ದು. ಇಲ್ಲಿ ಕಚೇರಿಯ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಹೊರಗಿನ ಮೂರನೆಯ ಮೆಟ್ಟಿಲ ಮೇಲೆ ಮಾತ್ರ ಸಿಗುತ್ತದೆ. ಹಣಮಂತ್ರಾಯ ಆ ಮೆಟ್ಟಿಲ ಮೇಲೆ ನಿಂತು, ಒಂದು ಕಿವಿ ಮುಚ್ಚಿಕೊಂಡು, ಕಡೇಚೂರಿಗೆ ಫೋನ್ ಇಲ್ಲದೆಯೂ ಕೇಳಿಸುವಂತೆ ಮಾತಾಡಿದ.

"ಸುರಪುರದ್ದು ಮ್ಯಾಲ ಏರಿ ಕುಂತದ, ಫಿರೋಜ್. ಇಳಿ ಅಂದ್ರ ಇಳೀವಲ್ದು. ಜಬರ್ದಸ್ತಿ ಇಳಿಸಿದ್ರ ಕೈಗೆ ಏನೂ ಸಿಗಾಕಿಲ್ಲಂತಿ. ಮತ್ತ ಕೊಂದಬಿಡ್ಲೇನು? ಬ್ಯಾಡಾ? ಆತು, ಕೊಲ್ಲೂದಿಲ್ಲ. ಆದ್ರ ಇಳಿಸದ ನಾ ಇಲ್ಲಿಂದ ಏಳಾಕಿಲ್ಲ, ನೋಡಕೋ."

ಕೊಲ್ಲಬೇಡಿ ಎಂದು ಫಿರೋಜ್ ಹೇಳಿದ್ದು ಹೊತ್ತು ಹಾಕುವ ಪ್ರೋಗ್ರಾಮನ್ನು ಕುರಿತು. ಹಮಾಲನನ್ನು ಕೊಂದರೆ ಚೀಲ ಹೊರುವವರು ಯಾರು? ಯಾವುದೋ ಒಂದು ಕಡತ ತೆರೆದುಕೊಂಡು ಕೂತಿರಬೇಕು, ಅದನ್ನು ಹುಡುಕಿ ಮುಚ್ಚಿದರೆ ತಾನಾಗಿ ಇಳಿಯುತ್ತದೆ ಎಂದೂ ಅವನು ಹೇಳಿದ. ಆದರೆ ಅವನ ಮಾತು ಹಣಮಂತ್ರಾಯನಿಗೆ ಮಾತ್ರ ಕೇಳಿಸಿತು. ಹಣಮಂತ್ರಾಯನ ಮಾತು ಶಂಕ್ರಮ್ಮನಿಗೂ ಕೇಳಿಸಿತು.

ಶಂಕ್ರಮ್ಮ ಕಚೇರಿಯ ಪಕ್ಕದಲ್ಲಿ ಚಹಾ, ಮಿರ್ಚಿ ಭಜಿ ಅಂಗಡಿ ಇಟ್ಟವಳು. ಸುರಪುರದ್ದು ಏನೋ ಮೇಲೆ ಏರಿದೆ ಎಂದರೆ ಅವಳಿಗೆ ಮನುಷ್ಯನೇ. ನಮ್ಮ ಕಡೆ ಸಿಟ್ಟು ಬಂದಾಗ ಎದುರಿನವರು ಗಂಡೋ ಹೆಣ್ಣೋ ಎಂದು ವಿಚಾರಿಸುತ್ತ ಕೂರುವುದಿಲ್ಲ, ಎಲ್ಲರೂ 'ಅದು' ಆಗುತ್ತಾರೆ. ಮೇಲೆ ಎಂದರೆ ಎಲ್ಲಿ ಎಂಬುದಷ್ಟೇ ಪ್ರಶ್ನೆ. ಕಚೇರಿಯ ಹಿಂದೆ ನೀರಿನ ದೊಡ್ಡ ಟಾಕಿ ಇತ್ತು, ಅದರ ನೆತ್ತಿಯ ಮೇಲೆ ದುಂಡಗೆ ಕರ್ರಗೆ ಏನೋ ಕಾಣುತ್ತಿತ್ತು. ಅವಳು ಜಾಲರಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟು ರಸ್ತೆಗೆ ಬಂದು, ಸುರಪುರದ ಯಾವನೋ ಟಾಕಿ ಏರಿ ಕೂತಿದ್ದಾನೆ, ಹಣಮಂತ್ರಾಯ ಅವನನ್ನು ಕೊಲ್ಲಬೇಕೆಂದಿದ್ದವನು ಈಗ ತಡೆದುಕೊಂಡಿದ್ದಾನೆ ಎಂದು ಹೇಳಿದಳು.

ಹತ್ತು ನಿಮಿಷದಲ್ಲಿ ನೂರು ಜನ ಸೇರಿದರು. ಅವರಲ್ಲಿ ಎರಡು ಪಕ್ಷಗಳಾದವು. ಕರ್ರಗಿನದು ತಲೆ ಎಂಬುದು ಒಂದು, ಅದು ನೀರಿನ ವಾಲ್ವಿನ ಚಕ್ರ ಎಂಬುದು ಇನ್ನೊಂದು. ತಲೆಯ ಪಕ್ಷವೇ ದೊಡ್ಡದಾಗಿತ್ತು, ಯಾಕೆಂದರೆ ವಾಲ್ವನ್ನು ನೋಡಲು ಯಾರೂ ಬಿಸಿಲಲ್ಲಿ ನಿಲ್ಲುವುದಿಲ್ಲ. ಯಾರೋ ಅಗ್ನಿಶಾಮಕದವರಿಗೆ ಫೋನ್ ಮಾಡಿದರು. ಇನ್ನು ಯಾರೋ ಸುರಪುರಕ್ಕೆ ಫೋನ್ ಮಾಡಿ ನಿಮ್ಮವನೊಬ್ಬ ಹೀಗೆ ಮಾಡಿದ್ದಾನೆ ಎಂದರು. ಸುರಪುರದಲ್ಲಿ ಮನೆಮನೆಯಲ್ಲೂ ಗಂಡಸರನ್ನು ಎಣಿಸತೊಡಗಿದರು. ಹಣಮಂತ್ರಾಯನ ಹೆಂಡತಿ ಬಾಲಮ್ಮನ ಅಕ್ಕ ಅಮೃತಮ್ಮ ಇರುವುದು ಸುರಪುರದಲ್ಲೇ. ಅವಳ ಗಂಡ ಮುಂಜಾನೆಯ ಬಸ್ಸಿಗೆ ಶಹಾಪುರಕ್ಕೆ ಹೋಗಿದ್ದ, ಫೋನ್ ಎತ್ತುತ್ತಿರಲಿಲ್ಲ, ಹಿಂದಿನ ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಾತೂ ಬಿಟ್ಟಿದ್ದ. ಅಮೃತಮ್ಮ ತಂಗಿಗೆ ಫೋನ್ ಮಾಡಿ ಅತ್ತಳು. ಟಾಕಿಯ ಕೆಳಗೆ ಮುಂದಿನ ಸಾಲಿನಲ್ಲೇ ನಿಂತು, ಕತ್ತು ಮೇಲೆ ಮಾಡಿ, ಇವನು ಯಾರ ಪೈಕಿ ಎಂದು ಪಕ್ಕದವರನ್ನು ಕೇಳುತ್ತಿದ್ದವನು ಅವಳ ಗಂಡನೇ.

ಅಗ್ನಿಶಾಮಕದ ಗಾಡಿ ಬಂತು. ಅದರ ಮುಖ್ಯಸ್ಥ ಶರೀಫಸಾಬ ಸಣ್ಣ ಧ್ವನಿಯ, ಅವಸರವಿಲ್ಲದ ಮನುಷ್ಯ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಬಾವಿಯಿಂದ ಎಮ್ಮೆಗಳನ್ನು, ಮರದಿಂದ ಮಂದಿಯನ್ನು ಇಳಿಸಿದವನು. ಇಂಥ ಕಡೆ ಮೊದಲು ಮಾತಾಡಬೇಕಾದದ್ದು ವಿಷಯ ಗೊತ್ತಿದ್ದವನ ಜೊತೆ ಎಂದು ಅವನು ಕಚೇರಿಯ ಒಳಗೆ ಬಂದ. ಹಣಮಂತ್ರಾಯ ತಿರುಗಿ ನೋಡಲಿಲ್ಲ. ಅವನು ಪರದೆಯ ಮೇಲೆ ಒಂದೊಂದೇ ಕಿಟಕಿ ತೆರೆದು ಮುಚ್ಚಿ ಹುಡುಕುತ್ತಿದ್ದ.

"ಏರಿ ಎಷ್ಟೊತ್ತಾತ್ರಿ?" ಎಂದು ಶರೀಫಸಾಬ ಕೇಳಿದ.

"ಮುಂಜಾನಿ ಹತ್ತಕ್ಕ. ನಾನ ಏರಿಸೀನಿ."

ಶರೀಫಸಾಬ ಕಿಟಕಿಯಿಂದ ಬಾಗಿ ಟಾಕಿಯ ಕಡೆ ನೋಡಿದ. "ನೀವ ಏರಿಸೀರಿ?"

"ದಿನಾ ಏರಸ್ತೀನ್ರಿ. ಸಂಜೀಕ ಇಳಸ್ತೀನಿ. ಇವತ್ತ ಯಾರೋ ಹಿಡಕೊಂಡಾರ, ಬಿಡವಲ್ರು."

ಶರೀಫಸಾಬ ಹೊರಗೆ ಬಂದು, ಏಣಿ ಹಚ್ಚಬೇಡಿ, ಮೇಲೆ ಇಬ್ಬರಿರಬಹುದು ಎಂದು ತನ್ನವರಿಗೆ ಹೇಳಿದ. ಆ ಮಾತು ಗುಂಪಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಮೇಲಿದ್ದವರು ನಾಲ್ವರಾದರು. ವಾಲ್ವಿನ ಪಕ್ಷದವರೂ ಈಗ ತಲೆಯ ಪಕ್ಷಕ್ಕೆ ಸೇರಿದರು.

ಸಂಘದ ಅಧ್ಯಕ್ಷ ಬಸವಂತಪ್ಪ ಜೀಪಿನಲ್ಲಿ ಬಂದಿಳಿದದ್ದು ಆಗ. ಬಸವಂತಪ್ಪನಿಗೆ ನೂರು ಜನ ಒಂದೇ ಕಡೆ ನಿಂತಿರುವುದು ಕಂಡರೆ ಗಂಟಲು ತಾನಾಗಿಯೇ ಸರಿಯಾಗುತ್ತದೆ. ಸಂಗತಿ ಏನೆಂದು ಕೇಳುವ ಗೋಜಿಗೆ ಹೋಗದೆ, ಅಗ್ನಿಶಾಮಕದವರ ಮೈಕನ್ನು ಇಸಿದುಕೊಂಡು ಟಾಕಿಯ ಕಡೆ ಮುಖ ಮಾಡಿ ಭಾಷಣ ಮಾಡಿದ. ಸುರಪುರದ ಸಹೋದರರು ಯಾವ ಬೇಡಿಕೆ ಇಟ್ಟಿದ್ದರೂ ಸಂಘ ಅದನ್ನು ಸಹಾನುಭೂತಿಯಿಂದ ಪರಿಶೀಲಿಸುತ್ತದೆ, ಹಿಂದೆಯೂ ಪರಿಶೀಲಿಸಿದೆ, ಮುಂದೆಯೂ ಪರಿಶೀಲಿಸುತ್ತಲೇ ಇರುತ್ತದೆ ಎಂದ. ವಾಲ್ವು ಎಲ್ಲವನ್ನೂ ಶಾಂತವಾಗಿ ಕೇಳಿತು.

ಎರಡು ಗಂಟೆಗೆ ಕರೆಂಟ್ ಹೋಯಿತು. ಒಳಗೆ, ಗೋಡೆಯ ಬಟನ್ ದಾಟಿಸಿ ಕಂಪ್ಯೂಟರಿಗೆ ಕರೆಂಟ್ ಕೊಡುವ ಯುಪಿಎಸ್ ಕೂಗಲು ಶುರುಮಾಡಿತು. ಹೊಸದಿದ್ದಾಗ ಅದು ಒಂದು ಗಂಟೆ ತಾಳುತ್ತಿತ್ತು, ಈಗ ಹದಿನೈದು ನಿಮಿಷ. ಅಷ್ಟರಲ್ಲಿ ಬಾಲಮ್ಮ ಗುಂಪನ್ನು ಮೊಣಕೈಯಿಂದ ಸರಿಸಿಕೊಂಡು ಒಳಗೆ ಬಂದಳು. ಅವಳ ಮನೆಗೆ ಮುಟ್ಟಿದ ಸುದ್ದಿಯ ಪ್ರಕಾರ ಗಂಡ ಉಪವಾಸ ಕೂತಿದ್ದ. ಹೀಗಾಗಿ ಸೆರಗಿನಲ್ಲಿ ಎರಡು ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಅವನ ಮುಖ ನೋಡಿ, ಇದು ಹಸಿವಿನ ಮುಖವಲ್ಲ ಎಂದು ತಿಳಿದು, ರೊಟ್ಟಿಯನ್ನು ಮೇಜಿನ ಮೇಲೆ ಇಟ್ಟಳು. ಏನಾಗಿದೆ ಎಂದು ಕೇಳಿದಳು.

ಹಣಮಂತ್ರಾಯ ಹೇಳಿದ. ದೇವಾಪುರದ ನಾನೂರು ಚಿಲ್ಲರೆ ಕುರಿಗಳು ಇಲ್ಲಿಗೂ ಸುರಪುರಕ್ಕೂ ನಡುವೆ ನಿಂತಿವೆ, ಯಾವುದೋ ಕಡತ ತೆರೆದುಕೊಂಡು ಕೂತು ದಾರಿ ಬಿಡುತ್ತಿಲ್ಲ, ಅದು ಎಲ್ಲಿದೆ ಎಂದು ಸಿಗುತ್ತಿಲ್ಲ. ಹಾಳಾಗಲಿ, ಗೋಡೆಯ ಬಟನ್ ಆರಿಸಿ ಮನೆಗೆ ಬಂದುಬಿಡಿ ಎಂದು ಅವಳು ಹೇಳಿದ್ದರೆ ಏನಾಗುತ್ತಿತ್ತೋ. ಆದರೆ ಅವಳ ತವರು ದೇವಾಪುರ. ಹೋದ ವರ್ಷ ಹೊಳೆಯಾಚೆ ಹೋಗಿ ಬಾರದೆ ಉಳಿದ ಕುರಿಗಳಲ್ಲಿ ಅವಳ ತಮ್ಮನವೂ ಇದ್ದವು.

"ನೀವು ಉಣ್ಣಾಕ ಹೋದಾಗ ಈ ಕುರ್ಚಿ ಮ್ಯಾಲ ಯಾರು ಕುಂತಿದ್ರು?" ಎಂದು ಅವಳು ಕೇಳಿದಳು.

ಯಾರೂ ಇಲ್ಲ ಎಂದ ಹಣಮಂತ್ರಾಯ. ಬಾಲಮ್ಮ ಕೀಬೋರ್ಡಿನ ಸಂದಿಯಿಂದ ಒಂದು ಅಡಿಕೆ ಚೂರನ್ನು ಉಗುರಿನಿಂದ ಎತ್ತಿ ಅವನ ಮುಂದೆ ಹಿಡಿದಳು. ಅವನು ಜನ್ಮದಲ್ಲಿ ಅಡಿಕೆ ತಿಂದವನಲ್ಲ. ಸಂಘದಲ್ಲಿ ಅಡಿಕೆಯನ್ನು ನಾಲ್ಕು ಚೂರು ಮಾಡಿ ಒಂದನ್ನು ಬಾಯಿಗೆ, ಮೂರನ್ನು ನೆಲಕ್ಕೆ ಹಾಕುವವನು ಒಬ್ಬನೇ. ಆ ಒಬ್ಬನ ದನಿ ಈಗ ಮೈಕಿನಲ್ಲಿ ಕೇಳುತ್ತಿತ್ತು.

ಅಧ್ಯಕ್ಷ ಬಂದಿದ್ದ ಎಂದರೆ ಪಟ್ಟಿ ನೋಡಲು ಬಂದಿರಲಿಕ್ಕಿಲ್ಲ. ಹಣಮಂತ್ರಾಯ ಕುರಿಗಳ ಕಡತಗಳನ್ನು ಬಿಟ್ಟು ಸುರಪುರದ್ದರಲ್ಲೇ ಶಿಬಿರದ ಫೋಟೋ, ವಿಡಿಯೋ ಇದ್ದ ಕಡೆ ಹೋದ. ಪರದೆಯ ಅಡಿಯಲ್ಲಿ ಒಂದು ಕಿಟಕಿ ಸಣ್ಣಗೆ ಮುದುಡಿಕೊಂಡು ಕೂತಿತ್ತು. ಅದನ್ನು ಒತ್ತಿದ. ಪರದೆ ತುಂಬ ಬಸವಂತಪ್ಪ ಎದ್ದು ನಿಂತ. ಕೊರಳಲ್ಲಿ ಹಾರ, ಹಿಂದೆ ದೇವಾಪುರದ ಕುರಿಗಳು. ಶಿಬಿರ ಉದ್ಘಾಟನೆಯ ಭಾಷಣ. ಒಂದು ತಾಸು ಹತ್ತು ನಿಮಿಷದ್ದು. ದನಿ ಕಡಿಮೆ ಮಾಡಿ, ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುವಂತೆ ಇಟ್ಟು, ಮುಚ್ಚಲು ಬಾರದೆ ಮುದುಡಿಸಿ ಹೋಗಿದ್ದ. ಪಾಪ, ಹಮಾಲ ಅಷ್ಟು ಹೊತ್ತೂ ಸುರಪುರದಿಂದ ಶಹಾಪುರಕ್ಕೆ ಭಾಷಣ ಹೊರುತ್ತಿದ್ದ. ಕುರಿಗಳು ಪಾಳಿ ಕಾಯುತ್ತಿದ್ದವು.

ಸರಿಯಾಗಿ ಆಗಲೇ ಹೊರಗಿನ ಭಾಷಣ ಮುಗಿಸಿ ಬಸವಂತಪ್ಪ ಒಳಗೆ ಬಂದ. ಹಿಂದೆ ಶರೀಫಸಾಬ, ಅವನ ಹಿಂದೆ ಬಾಗಿಲಲ್ಲಿ ಹಿಡಿಸುವಷ್ಟು ಜನ, ಹಿಡಿಸದವರು ಕಿಟಕಿಯಲ್ಲಿ. ಪರದೆಯ ಮೇಲೆ ತನ್ನನ್ನು ಕಂಡು ಅಧ್ಯಕ್ಷನ ಮುಖ ಅರಳಿತು. ಇದನ್ನು ಯಾರು ತೆರೆದರು ಎಂಬ ವಿಚಾರ ಈಗ ಬೇಡ, ಇಷ್ಟು ಜನ ಸೇರಿದ್ದಾರೆ, ಹೇಗೂ ಶುರುವಾಗಿದೆ, ಪೂರ್ತಿ ನೋಡಲಿ ಎಂದ. ಯುಪಿಎಸ್ ಕೂಗುವುದರ ನಡುವಿನ ಬಿಡುವು ಕಡಿಮೆಯಾಗುತ್ತಿತ್ತು.

ಹದಿನೆಂಟು ವರ್ಷದಲ್ಲಿ ಹಣಮಂತ್ರಾಯ ಅಧ್ಯಕ್ಷನ ಮುಂದೆ ಕೂತು ಮಾತಾಡಿದವನಲ್ಲ. ಈಗಲೂ ಅವನಿಗೆ ಏಳಬೇಕೆನಿಸಿತು. ಆದರೆ ಕೈ ಮೌಸಿನ ಮೇಲಿತ್ತು, ಇಳಿಸದೆ ಏಳುವುದಿಲ್ಲ ಎಂಬ ಆಣೆ ಕಾಲಿನ ಮೇಲಿತ್ತು.

"ಅಧ್ಯಕ್ಷರ," ಎಂದ, ಪರದೆಯನ್ನೇ ನೋಡುತ್ತ. "ಸುರಪುರದ್ದು ಇಳೀದ ಇರಾಕ ಕಾರಣ ನೀವ. ಮೊದಲ ನೀವು ಇಳೀಬೇಕ್ರಿ. ನೀವು ಇಳಿದ್ರ ಎಲ್ಲಾ ತಾವ ಇಳೀತಾವ."

ಈ ಮಾತನ್ನು ಹೇಳಬೇಕೆಂದು ಸಂಘದ ಸದಸ್ಯರು ಎರಡು ಅವಧಿಯಿಂದ ಕಾಯುತ್ತಿದ್ದರು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಾಗಿಲಲ್ಲಿ ನಿಂತ ಒಬ್ಬ ಮುದುಕ, ಹೌದು, ಇಳಿಯಲಿ ಎಂದ. ಕಿಟಕಿಯಲ್ಲಿದ್ದವರು ಅದನ್ನು ಹಿಂದಿನವರಿಗೆ ದಾಟಿಸಿದರು. ಟಾಕಿಯ ಮೇಲಿದ್ದವರ ಬೇಡಿಕೆ ಇದೇ ಎಂದು ರಸ್ತೆಯಲ್ಲಿ ಎಲ್ಲರಿಗೂ ತಿಳಿಯಿತು. ಅದು ನ್ಯಾಯವಾದ ಬೇಡಿಕೆ ಎಂದೂ ತೀರ್ಮಾನವಾಯಿತು. ಬಸವಂತಪ್ಪ ಬಾಯಿ ತೆರೆದ. ಪರದೆಯ ಮೇಲಿನ ಬಸವಂತಪ್ಪನೂ ಅದೇ ಹೊತ್ತಿಗೆ ಬಾಯಿ ತೆರೆದಿದ್ದ. ಹಣಮಂತ್ರಾಯ ಒಬ್ಬನನ್ನು ಮುಚ್ಚಿದ. ಇನ್ನೊಬ್ಬ ತಾನಾಗಿಯೇ ಮುಚ್ಚಿಕೊಂಡ.

ಆಮೇಲೆ ಸುರಪುರವನ್ನು ಇಳಿಸು ಎಂದು ಕಂಪ್ಯೂಟರಿಗೆ ಹೇಳಿದ. ಈ ಸಲ ಅದು ಇಲ್ಲ ಎನ್ನಲಿಲ್ಲ. ಸ್ವಲ್ಪ ತಾಳು ಎಂದಿತು. ಒಂದು ನಿಮಿಷ ಕಳೆಯಿತು. ಯುಪಿಎಸ್ ಈಗ ಉಸಿರು ಬಿಡದೆ ಕೂಗುತ್ತಿತ್ತು. ಗೋಡೆಯ ಬಟನ್ನಿನ ಹತ್ತಿರ ನಿಂತಿದ್ದ ಅಮೃತಮ್ಮನ ಗಂಡ, ಈ ಕೂಗಾಟ ನಿಲ್ಲಿಸಲೇ ಎಂದು ಕೈ ಎತ್ತಿದ. ಬಾಲಮ್ಮ ಆ ಕೈ ಹಿಡಿದುಕೊಂಡಳು. ಅದು ಯಾರ ಕೈ ಎಂದು ನೋಡಿದವಳು, ಬಿಡದೆ ಇನ್ನಷ್ಟು ಗಟ್ಟಿಯಾಗಿ ಹಿಡಿದು, ಹೊರಗಿನ ಮೆಟ್ಟಿಲಿಗೆ ಎಳೆದುಕೊಂಡು ಹೋಗಿ, ಅಕ್ಕನಿಗೆ ಫೋನ್ ಹಚ್ಚಿ ಅವನ ಕಿವಿಗೆ ಕೊಟ್ಟಳು. ಮುಂದಿನ ಅರ್ಧ ಗಂಟೆ ಅವನು ಯಾರಿಗೂ ತೊಂದರೆ ಕೊಡಲಿಲ್ಲ.

ಎರಡೂ ಹದಿಮೂರಕ್ಕೆ ಸುರಪುರ ಇಳಿಯಿತು. ಆಮೇಲೆ ಹಣಮಂತ್ರಾಯ ಕಂಪ್ಯೂಟರಿಗೆ ಬಂದ್ ಆಗಲು ಹೇಳಿದ. ಪರದೆ ಒಂದು ಸಲ ಮಿಂಚಿ, ಎಲ್ಲಿಯೂ ತಡವರಿಸದೆ, ಕಪ್ಪಾಯಿತು. ಅವನು ಎದ್ದು, ಎಲ್ಲಕ್ಕಿಂತ ಕಡೆಗೆ, ಗೋಡೆಯ ಬಟನ್ ಆರಿಸಿದ. ಹೊರಗೆ ಮೂರನೆಯ ಮೆಟ್ಟಿಲಿಗೆ ಬಂದು ಡಾಕ್ಟರಿಗೆ ಫೋನ್ ಮಾಡಿದ. ಅತ್ತ ಕಡೆ ಉಮಾಶ್ರೀ ಎಣಿಸುವವರೆಗೂ ಅವನು ಕಣ್ಣು ಮುಚ್ಚಿಕೊಂಡು ನಿಂತಿದ್ದ.

"ಒಂದು ಸಾವಿರದ ನೂರಾ ನಲವತ್ತಾರು," ಎಂದರು ಅವರು. "ಪೂರಾ ಮುಟ್ಯಾವ. ಯಾದಗಿರಿಗೆ ಈಗ ಕಳಸಾಕತ್ತೇನಿ. ಅಲ್ಲ, ನಿಮ್ಮಲ್ಲಿ ಟಾಕಿ ಮ್ಯಾಲ ಯಾರೋ ಏರ್ಯಾರಂತ, ಖರೇನ?"

ಯಾರೂ ಇಲ್ಲ, ಎಲ್ಲಾ ಇಳಿದಿದೆ ಎಂದು ಹಣಮಂತ್ರಾಯ ಹೇಳಿದ. ಇದನ್ನು ಕೇಳಿಸಿಕೊಂಡ ಶಂಕ್ರಮ್ಮ ಅದನ್ನೇ ಎಲ್ಲರಿಗೂ ಸಾರಿದಳು. ಗುಂಪು ಮೇಲೆ ನೋಡಿತು. ಕರ್ರಗಿನದು ಅಲ್ಲೇ ಇತ್ತು. ಮೊದಲಿನಿಂದಲೂ ನಾವು ವಾಲ್ವು ಎಂದೇ ಹೇಳುತ್ತಿದ್ದೆವು ಎಂದು ಎಲ್ಲರೂ ಹೇಳಿ ಚದುರಿದರು. ಬಸವಂತಪ್ಪನ ಜೀಪು ಯಾರಿಗೂ ಹೇಳದೆ ಹೋಗಿತ್ತು.

ಶರೀಫಸಾಬ ಮಾತ್ರ ಹೋಗಲಿಲ್ಲ. ತನ್ನವರಿಗೆ ಏಣಿ ಕಟ್ಟಲು ಹೇಳಿ, ಹಣಮಂತ್ರಾಯನನ್ನು ಪಕ್ಕಕ್ಕೆ ಕರೆದ. ಸುಳ್ಳು ಸುದ್ದಿಗೆ ಗಾಡಿ ಕರೆಸಿದ್ದಕ್ಕೆ ಕೇಸು ಹಾಕುತ್ತಾನೆ ಎಂದು ಬಾಲಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಸಿದ್ಧಳಾದಳು. ಶರೀಫಸಾಬ ಆಚೆ ಈಚೆ ನೋಡಿ, ಇನ್ನೂ ಸಣ್ಣ ಧ್ವನಿಯಲ್ಲಿ ಹೇಳಿದ.

"ನಮ್ಮ ಮನ್ಯಾಗ ಮಗಳು ಸಾಬೇರಾಂದು ಒಂದು ಕಂಪ್ಯೂಟರ್ ಅದ್ರಿ. ಮೂರು ವಾರದಿಂದ ಬಂದ್ ಆಗವಲ್ದು. ದಿನಾ ವೈರ್ ಕಿತ್ತಿ ಮಲಗಾಕತ್ತೇವಿ."

ವೈರ್ ಕೀಳಬಾರದು ಎಂದು ಹಣಮಂತ್ರಾಯ ಗಂಭೀರವಾಗಿ ಹೇಳಿದ. ಯಾರು ಹಿಡಿದುಕೊಂಡಿದ್ದಾರೆ ಎಂದು ಮೊದಲು ನೋಡಬೇಕು. ಶರೀಫಸಾಬನ ಮನೆ ಅಗ್ನಿಶಾಮಕ ಠಾಣೆಯ ಹಿಂದೆಯೇ ಇತ್ತು, ಗಾಡಿ ಹೇಗೂ ಅದೇ ಕಡೆ ಹೊರಟಿತ್ತು. ಹಣಮಂತ್ರಾಯ ಬಾಲಮ್ಮ ತಂದ ಎರಡು ರೊಟ್ಟಿಯನ್ನು ಜೇಬಿಗೆ ತುರುಕಿಕೊಂಡು ಕೆಂಪು ಗಾಡಿಯ ಮುಂದಿನ ಸೀಟಿನಲ್ಲಿ, ಇಬ್ಬರು ಖಾಕಿಯವರ ನಡುವೆ, ನೆಟ್ಟಗೆ ಕೂತ. ಗಾಡಿ ಬಸ್ ನಿಲ್ದಾಣದ ಮುಂದೆಯೇ ಹಾದುಹೋಯಿತು.

ಬಾಲಮ್ಮ ಮನೆ ಮುಟ್ಟುವುದರೊಳಗೆ ಫೋನ್ ಬಂತು. ಅಮೃತಮ್ಮ ಮತ್ತೆ ಅಳುತ್ತಿದ್ದಳು. ಹಣಮಂತ್ರಾಯನನ್ನು ಹಿಡಿದು ಗಾಡಿಯಲ್ಲಿ ಹಾಕಿಕೊಂಡು ಹೋದರಂತೆ, ಸುರಪುರದ ತುಂಬ ಇದೇ ಮಾತು, ಇನ್ನು ಯಾವಾಗ ಬಿಡುತ್ತಾರೋ ಎಂದಳು.

"ಕೆಲಸ ಮುಗದ ಕೂಡ್ಲೆ ಬರ್ತಾರ, ಅಕ್ಕಾ," ಎಂದಳು ಬಾಲಮ್ಮ, ಚಪ್ಪಲಿ ಬಿಡುತ್ತ. "ಆದ್ರ ಪೂರಾ ಮುಗಿಸದ ಬರೂದಿಲ್ಲ. ಈಗ ಫೋನ್ ಇಡು, ನಾ ಅಡಗಿ ಮಾಡಬೇಕು."